ಸರಪಳಿಯ ಮೇಲಿನ ಪಾದ

ಲಂಗರು ಬಿಟ್ಟ ಮೇಲೆ ಬೇರೆ ದೋಣಿಯವರೆಲ್ಲ ಬಗ್ಗಿ ಸರಪಳಿಯ ಮೇಲೆ ಅಂಗೈ ಇಟ್ಟು ನೋಡುತ್ತಾರೆ. ನೀರಿನ ತಳದಲ್ಲಿ ಲಂಗರು ಮರಳನ್ನು ಕಚ್ಚಿ ಹಿಡಿದಿದ್ದರೆ ಸರಪಳಿ ಬಿಗಿಯಾಗಿ ಸುಮ್ಮನಿರುತ್ತದೆ. ಹಿಡಿಯದೆ ಜಾರುತ್ತಿದ್ದರೆ ಒಳಗೊಳಗೇ ಗರಗರ ನಡುಗುತ್ತದೆ. ಲಂಗರಯ್ಯ ಮಾತ್ರ ಬಗ್ಗಿದವನಲ್ಲ. ಚಪ್ಪಲಿಯ ಮುಖವನ್ನೇ ನೋಡದ ತನ್ನ ಬಲಗಾಲನ್ನು ಸರಪಳಿಯ ಮೇಲಿಟ್ಟು, ಸೊಂಟಕ್ಕೆ ಕೈಕೊಟ್ಟು, ಆಕಾಶ ನೋಡುತ್ತಾ ಹತ್ತು ಎಣಿಸಿ "ಹಿಡಿದಿದೆ" ಎನ್ನುತ್ತಿದ್ದ. ಮೂವತ್ತೊಂದು ವರ್ಷದಲ್ಲಿ ಆ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ. ಬಂದರಿನವರು ಅವನಿಗೆ ಲಂಗರಯ್ಯ ಎಂದು ಹೆಸರಿಟ್ಟದ್ದೇ ಆ ಕಾಲಿನಿಂದ. ಹೆತ್ತವರು ಇಟ್ಟ ಹೆಸರು ಅವನ ಹೆಂಡತಿಗೂ ಬೇಕಾಗಿರಲಿಲ್ಲ, ಅವಳಿಗೆ "ರೀ" ಸಾಕಾಗಿತ್ತು.

ಅವನದು ಹಾಯಿದೋಣಿಯಲ್ಲಿ ಜನರನ್ನು ವಾರದ ಮಟ್ಟಿಗೆ ದ್ವೀಪದಿಂದ ದ್ವೀಪಕ್ಕೆ ಕರೆದೊಯ್ಯುವ ಕೆಲಸ. ಬೆಳಿಗ್ಗೆ ಹಾಯಿ ಏರಿಸಿದರೆ ಎರಡು ಮೂರು ತಾಸಿನ ಪಯಣ, ಮಧ್ಯಾಹ್ನದೊಳಗೆ ಯಾವುದಾದರೊಂದು ದ್ವೀಪದ ಮಗ್ಗುಲಲ್ಲಿ ಲಂಗರು. ಆಮೇಲೆ ಈಜು, ಊಟ, ನಿದ್ದೆ. ಗಡಿಬಿಡಿ ಮಾಡುವವರಿಗೆ ಆ ದೋಣಿಯಲ್ಲಿ ಜಾಗವಿರಲಿಲ್ಲ. ಮಗಳ ಮದುವೆ ಆದ ವರ್ಷ ಹೆಂಡತಿಯೂ ಅಡುಗೆಯವಳಾಗಿ ದೋಣಿ ಹತ್ತಿದಳು. ಅವಳ ಅಡುಗೆಕೋಣೆ ಒಬ್ಬರು ನಿಂತರೆ ಇನ್ನೊಬ್ಬರು ಉಸಿರು ಬಿಗಿಹಿಡಿಯಬೇಕಾದಷ್ಟು ದೊಡ್ಡದು. ಪಾತ್ರೆಗಳು ಉರುಳದಂತೆ ಒಲೆಯ ಸುತ್ತ ಕಂಬಿ, ಒಲೆಯ ಎದುರಿಗೆ ಒಂದೂವರೆ ಗೇಣಿನ ಕಿಟಕಿ.

ಅಂಥ ಲಂಗರಯ್ಯನ ಕಾಲು ಕೈಕೊಟ್ಟು ನಾಲ್ಕು ತಿಂಗಳಾಗಿತ್ತು. ಸಕ್ಕರೆ ಕಾಯಿಲೆ ಹಳೆಯ ನೆಂಟ. ಬಂದವನು ಹೋಗಲಿಲ್ಲ, ಸುಮ್ಮನೆ ಕೂರಲೂ ಇಲ್ಲ. ಒಂದು ದಿನ ಡೆಕ್ಕಿನ ಮೇಲೆ ಕೆಂಪು ಹೆಜ್ಜೆಗಳು ಕಂಡವು. ಬಣ್ಣ ತುಳಿದು ಬಂದವರು ಯಾರು ಎಂದು ಲಂಗರಯ್ಯ ಸಿಟ್ಟಾಗಿ ಹೆಜ್ಜೆಯ ಜಾಡು ಹಿಡಿದು ಹೊರಟ. ಜಾಡು ಅವನ ಕಾಲಿಗೇ ಬಂದು ನಿಂತಿತು. ಚಿಪ್ಪಿನ ಚೂರೊಂದು ಅಂಗಾಲಿಗೆ ಹೊಕ್ಕಿತ್ತು, ಅವನಿಗೆ ತಿಳಿದೇ ಇರಲಿಲ್ಲ. ಯಾರೂ ನೋಡುವ ಮೊದಲು ತಾನೇ ನೆಲ ಒರೆಸಿದ.

ಕಾಲು ಹೋದರೆ ಕೈ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಕೈಯಿಂದ ನೋಡುವವರನ್ನು ಅವನು ಹರೆಯದಿಂದಲೂ ಆಡಿಕೊಂಡು ಬಂದಿದ್ದ. ಕೈಯಲ್ಲಿ ಮುಟ್ಟಿ ನೋಡುವುದು ಬದನೆಕಾಯಿಯನ್ನು, ಲಂಗರನ್ನಲ್ಲ ಎಂಬ ಅವನ ಮಾತು ಬಂದರಿಗೆಲ್ಲ ಬಾಯಿಪಾಠ. ಈಗ ಯಾವ ಮುಖ ಹೊತ್ತು ಬಗ್ಗುವುದು? ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಹಾಗಾಗಿ ಏನೂ ತಿಳಿಯದ ಕಾಲನ್ನೇ ಸರಪಳಿಯ ಮೇಲಿಟ್ಟು, ಹತ್ತು ಎಣಿಸಿ, "ಹಿಡಿದಿದೆ" ಎನ್ನುತ್ತಾ ಬಂದ. ತಳ ಪರಿಚಯದ್ದು, ಗಾಳಿ ಪರಿಚಯದ್ದು, ನಾಲ್ಕು ತಿಂಗಳು ದಕ್ಕಿತು.

ಆ ವಾರ ದೋಣಿಗೆ ಬಂದವರು ಅಕ್ಕತಂಗಿಯರಿಬ್ಬರು. ದೊಡ್ಡಕ್ಕ ನರ್ಸ್ ಕೆಲಸದಿಂದ ನಿವೃತ್ತಳಾದವಳು, ಎಪ್ಪತ್ತು ತುಂಬಿದ ಖುಷಿಗೆ ಸಮುದ್ರ ನೋಡಲು ಹೊರಟಿದ್ದಳು. ಚಿಕ್ಕಕ್ಕ ಹೊಲಿಗೆ ಕಲಿಸುವವಳು. ಅವಳಿಗೆ ನೀರೆಂದರೆ ಬಕೆಟ್ಟಿನಲ್ಲಿದ್ದರೆ ಮಾತ್ರ ನಂಬಿಕೆ. ಪ್ರತಿ ದ್ವೀಪದಲ್ಲೂ ದೋಣಿ ನಿಜವಾಗಿ ನಿಂತಿದೆಯೇ ಎಂದು ಕೇಳುವಳು. ಲಂಗರಯ್ಯ ಕಾಲಿಟ್ಟು ಹೇಳಿದ ಮೇಲೆಯೇ ಅವಳು ಏಣಿಯ ಕಡೆ ಬರುವುದು. ಮೊದಲ ದಿನ ಹಿಮ್ಮಡಿ ನೆನೆಸಿದಳು, ಎರಡನೆಯ ದಿನ ಮಂಡಿ, ಮೂರನೆಯ ದಿನ ಸೊಂಟ. ಹೀಗೆ ಅಳತೆ ಹಾಕಿ ನೀರಿಗಿಳಿದವರನ್ನು ಲಂಗರಯ್ಯ ಕಂಡಿರಲಿಲ್ಲ.

ನಾಲ್ಕನೆಯ ದ್ವೀಪದಲ್ಲಿ ಅವನ ಮಾಮೂಲಿ ಜಾಗದಲ್ಲಿ ಬೇರೊಂದು ದೋಣಿ ನಿಂತಿತ್ತು. ಅವನು ಸ್ವಲ್ಪ ಆಚೆ ಲಂಗರು ಬಿಟ್ಟ. ಅಲ್ಲಿ ತಳ ಕಪ್ಪಗೆ ಕಾಣುತ್ತಿತ್ತು, ಎಂದರೆ ಮರಳಿಲ್ಲ, ಹುಲ್ಲಿದೆ, ಲಂಗರು ಕಚ್ಚುವುದು ಅನುಮಾನ. ಹಿಂದೆಯಾದರೆ ಅಂಥಲ್ಲಿ ಅವನ ಕಾಲೇ ತೀರ್ಪು ಹೇಳುತ್ತಿತ್ತು. ಇವತ್ತೂ ಕಾಲಿಟ್ಟ, ಹತ್ತು ಎಣಿಸಿದ, "ಹಿಡಿದಿದೆ" ಎಂದ. ಚಿಕ್ಕಕ್ಕ ನೀರಲ್ಲಿ ತೇಲಿಸುವ ರಬ್ಬರಿನ ಬಳೆಯೊಳಗೆ ತೂರಿ, ಏಣಿಗೆ ಕಟ್ಟಿದ ಹಗ್ಗ ಹಿಡಿದು, ಕತ್ತಿನವರೆಗೆ ನೀರಿಗಿಳಿದಳು. ಪಕ್ಕದಲ್ಲಿ ಅಕ್ಕ. ಅರವತ್ತನಾಲ್ಕರ ತಂಗಿ ನೀರಲ್ಲಿ ಕಾಲು ಬಡಿಯುತ್ತಾ ನಗುವುದನ್ನು ನೋಡಿಕೊಂಡು ಲಂಗರಯ್ಯ ಸಕ್ಕರೆ ಇಲ್ಲದ ಚಹಾ ಕುಡಿಯುತ್ತಿದ್ದ.

ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತಾ ಮೇಲೆ ಬಂದು ಅವನ ಪಕ್ಕ ನಿಂತಳು.

"ರೀ, ಆ ಡೊಂಕು ತೆಂಗಿನಮರ ಕಿಟಕಿ ಬಿಟ್ಟು ಆಚೆ ಹೋಯ್ತು. ವಾಪಸ್ ಬರಲಿಲ್ಲ."

ದೋಣಿ ತೂಗುತ್ತಿರಬೇಕು ಎಂದು ಅವನು ಗೊಣಗಿದ.

"ತೂಗಿದ್ರೆ ಮರ ಹೋಗುತ್ತೆ, ಮತ್ತೆ ಬರುತ್ತೆ. ನಾಲ್ಕು ತಿಂಗಳಿಂದ ನೋಡ್ತಾ ಇದೀನಿ, ತೂಗೋದು ಯಾವುದು, ಜಾರೋದು ಯಾವುದು ಅಂತ ನಂಗೊತ್ತು."

ನಾಲ್ಕು ತಿಂಗಳು ಎಂಬುದು ಲಂಗರಯ್ಯನ ಕಿವಿಗೆ ಬಿತ್ತು. ಆದರೆ ಮೊದಲು ನೋಡಬೇಕಾದದ್ದು ಬೇರೆ ಇತ್ತು. ತಿರುಗಿ ನೋಡಿದ. ಇಪ್ಪತ್ತು ಮಾರು ದೂರವಿದ್ದ ಹವಳದ ದಿಬ್ಬ ಎಂಟು ಮಾರಿಗೆ ಬಂದಿತ್ತು. ಹೆಂಗಸರು ಏಣಿಯ ಬಳಿ ನೀರಲ್ಲಿರುವಾಗ ಎಂಜಿನ್ ಹಾಕುವಂತಿಲ್ಲ, ಅದರ ಪಂಕ ತಾಗೀತು. ಅವನು ದನಿ ಏರಿಸದೆ, ಚಹಾ ಆರಿಹೋಗುತ್ತದೆ, ಮೇಲೆ ಬನ್ನಿ ಎಂದು ಇಬ್ಬರನ್ನೂ ಕರೆದ. ಚಿಕ್ಕಕ್ಕ ಸಾವಕಾಶವಾಗಿ ಒಂದೊಂದೇ ಮೆಟ್ಟಿಲು ಹತ್ತಿದಳು. ಅಷ್ಟು ಉದ್ದದ ಏಣಿಯನ್ನು ಲಂಗರಯ್ಯ ತನ್ನ ಜನ್ಮದಲ್ಲಿ ನೋಡಿರಲಿಲ್ಲ.

ಎತ್ತಿದ ಲಂಗರಿಗೆ ಹೊರೆಗಟ್ಟಲೆ ಹುಲ್ಲು ಸುತ್ತಿಕೊಂಡಿತ್ತು. ದೋಣಿಯನ್ನು ಮುಂದೆ ತಂದು, ಬಿಳಿ ಮರಳಿರುವಲ್ಲಿ ಮತ್ತೆ ಬಿಟ್ಟ. ಸರಪಳಿಯ ಎದುರು ನಿಂತವನಿಗೆ ಕಾಲಿಡಲು ಮನಸ್ಸು ಬರಲಿಲ್ಲ, ಬಗ್ಗಲು ಬೆನ್ನು ಒಪ್ಪಲಿಲ್ಲ. ಹೆಂಡತಿ ಬಂದು, ಬಿದ್ದ ಸೂಜಿ ಹುಡುಕುವವಳ ಹಾಗೆ ಕುಳಿತು, ಸರಪಳಿಯ ಮೇಲೆ ಕೈ ಇಟ್ಟಳು. ಆಮೇಲೆ ಮೆಲ್ಲಗೆ, "ಹಿಡಿದಿದೆ. ನೀವು ಹೇಳಿ," ಎಂದಳು.

ಅವನು ಡೆಕ್ಕಿನ ಮೇಲೆ ಬಿದ್ದಿದ್ದ ಹುಲ್ಲನ್ನು ಬಾಚಿ ನೀರಿಗೆ ಎಸೆಯತೊಡಗಿದ.

ಸಂಜೆ ಪಾತ್ರೆ ಒರೆಸಿ ಜೋಡಿಸುತ್ತಿದ್ದವಳ ಹತ್ತಿರ ಬಾಗಿಲಿಗೆ ಒರಗಿ ನಿಂತು, ಅವಳಿಗೆ ಹೇಗೆ ತಿಳಿಯಿತು ಎಂದು ಕೇಳಿದ. ಒಂದು ದಿನ ಕೈ ಜಾರಿ ಕೆಟಲ್ಲಿನ ಬಿಸಿನೀರು ಅವನ ಕಾಲಿನ ಮೇಲೆ ಚೆಲ್ಲಿದ್ದಳಂತೆ. ಅವನು ಹಾಯಿಯ ಹೊಲಿಗೆ ಬಿಟ್ಟ ಕಥೆಯನ್ನು ನಿಲ್ಲಿಸದೆ ಹೇಳುತ್ತಲೇ ಇದ್ದನಂತೆ. ಅವತ್ತಿನಿಂದ ಅವಳು ಪ್ರತಿ ದ್ವೀಪದಲ್ಲೂ ಕಿಟಕಿಯ ಚೌಕಟ್ಟಿಗೆ ಒಂದು ಮರವನ್ನೋ ಬಂಡೆಯನ್ನೋ ಗುರುತು ಮಾಡಿಕೊಂಡು ಅಡುಗೆ ಮಾಡುತ್ತಿದ್ದಳು. ಎರಡು ಸಲ ಅನ್ನ ಸೀದದ್ದು ಅದಕ್ಕೇ.

"ನನ್ನನ್ಯಾಕೆ ಕೇಳಲಿಲ್ಲ?"

"ನೀವೇ ಹೇಳ್ತೀರಿ ಅಂತ ಕಾಯ್ತಾ ಇದ್ದೆ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವನು ಅವಳು ಒರೆಸಿಟ್ಟ ಪಾತ್ರೆಯನ್ನೇ ತೆಗೆದು ಮತ್ತೆ ಒರೆಸಿದ.

ಮರುದಿನ ಬೆಳಿಗ್ಗೆ ಚಿಕ್ಕಕ್ಕ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ, ಇವತ್ತು ಹಗ್ಗ ಬಿಟ್ಟು ನೋಡುತ್ತೇನೆ ಎಂದಳು. ಧೈರ್ಯ ತನ್ನದಲ್ಲ, ಕ್ಯಾಪ್ಟನ್ನರ ಕಾಲಿನದು ಎಂದೂ ಸೇರಿಸಿದಳು. ಹಿಂದಿನ ದಿನ ಜಾಗ ಬದಲಿಸಿದ್ದು ಏಕೆಂದು ಅವಳಿಗೆ ತಿಳಿದಿರಲಿಲ್ಲ. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಲಂಗರಯ್ಯ ಹೆಂಡತಿಯ ಮುಖ ನೋಡಿದ. ಅವಳು ಲೋಟಕ್ಕೆ ಚಹಾ ಬಗ್ಗಿಸುತ್ತಿದ್ದಳು, ಇವನ ಕಡೆ ನೋಡಲಿಲ್ಲ.

"ಅಕ್ಕಾ, ನಿನ್ನೆ ಲಂಗರು ಹಿಡಿದಿರಲಿಲ್ಲ," ಎಂದ. "ನೀವು ನೀರಲ್ಲಿದ್ದಾಗ ದೋಣಿ ಜಾರ್ತಾ ಇತ್ತು. ನನ್ನ ಕಾಲಿಗೆ ನಾಲ್ಕು ತಿಂಗಳಿಂದ ಏನೂ ಗೊತ್ತಾಗಲ್ಲ. ಗೊತ್ತಾದವನ ಹಾಗೆ ಹೇಳ್ತಿದ್ದೆ. ತಪ್ಪಾಯ್ತು."

ದೊಡ್ಡಕ್ಕ ಅವನ ಕಾಲನ್ನು ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡಳು. ಕಣ್ಣು ಮುಚ್ಚಲು ಹೇಳಿ, ಬಾಚಣಿಗೆಯ ಹಲ್ಲಿನಿಂದ ಅಂಗಾಲನ್ನು ಅಲ್ಲಲ್ಲಿ ಮುಟ್ಟಿದಳು. ಮುಟ್ಟಿದಾಗ ಹೇಳು ಎಂದಿದ್ದಳು. ಅವನು ಹೇಳಲು ಕಾಯುತ್ತಲೇ ಕುಳಿತ. ಬರಿಗಾಲಲ್ಲಿ ಓಡಾಡಿದರೆ ಇರುವ ಕಾಲೂ ಹೋಗುತ್ತದೆ, ದಡ ಸೇರಿದ ಕೂಡಲೇ ಡಾಕ್ಟರಿಗೆ ತೋರಿಸಬೇಕು ಎಂದು ನಲವತ್ತು ವರ್ಷ ರೋಗಿಗಳನ್ನು ಗದರಿಸಿದ ದನಿಯಲ್ಲಿ ಗದರಿಸಿದಳು. ಚಿಕ್ಕಕ್ಕ ಬೆಣ್ಣೆ ಸವರಿದ ಬ್ರೆಡ್ಡನ್ನು ತಿನ್ನದೆ ತಟ್ಟೆಗಿಟ್ಟಳು.

"ಕೈ ಚೆನ್ನಾಗಿದೆಯಲ್ಲ?" ಎಂದು ಕೊನೆಗೆ ಕೇಳಿದಳು.

ಚೆನ್ನಾಗಿದೆ ಎಂದ.

"ಮತ್ತೆ?"

ಅಷ್ಟೇ ಕೇಳಿದ್ದು. ಐದನೆಯ ದಿನ ಅವಳು ನೀರಿಗಿಳಿಯಲಿಲ್ಲ, ಆರನೆಯ ದಿನವೂ ಇಲ್ಲ. ನೆರಳಲ್ಲಿ ಕುಳಿತು ಹರಿದ ಹಾಯಿಯ ಅಂಚಿಗೆ ಹೊಲಿಗೆ ಹಾಕಿದಳು. ಆ ಹೊಲಿಗೆ ಎಷ್ಟು ಚೆಂದವಿತ್ತೆಂದರೆ ಲಂಗರಯ್ಯನಿಗೆ ಇನ್ನಷ್ಟು ನಾಚಿಕೆಯಾಯಿತು.

ಏಳನೆಯ ದಿನ ಕೊನೆಯ ದ್ವೀಪ. ಪಕ್ಕದಲ್ಲಿ ಅವನ ಪರಿಚಯದವರದೇ ಎರಡು ದೋಣಿಗಳಿದ್ದವು, ಡೆಕ್ಕಿನ ಮೇಲೆ ಜನರಿದ್ದರು. ಲಂಗರಯ್ಯ ಸರಪಳಿ ಬಿಟ್ಟ. ಕಾಲಲ್ಲಿ ಹೆಂಡತಿಯ ರಬ್ಬರ್ ಚಪ್ಪಲಿ, ಹಿಮ್ಮಡಿ ಎರಡು ಬೆರಳು ಹೊರಗೆ. ಅವನು ಒಂದು ಕೈಯಿಂದ ಕಂಬಿ ಹಿಡಿದು, ಮಂಡಿ ಲಟಲಟ ಎನ್ನುತ್ತಿದ್ದಂತೆ ಬಗ್ಗಿದ, ಅಂಗೈಯನ್ನು ಸರಪಳಿಯ ಮೇಲಿಟ್ಟ. ಪಕ್ಕದ ದೋಣಿಯಿಂದ, ಬದನೆಕಾಯಿ ಹೇಗಿದೆ ಮಾರಾಯಾ ಎಂದು ಯಾರೋ ಕೂಗಿದರು, ನಗು ಕೇಳಿಸಿತು. ಅವನು ತಲೆ ಎತ್ತಲಿಲ್ಲ. ಹತ್ತು ಎಣಿಸಿದ, ಇಪ್ಪತ್ತೂ ಎಣಿಸಿದ. ಸರಪಳಿ ಸುಮ್ಮನಿತ್ತು. ಆದರೂ ಆ ಮಾತು ಹೇಳಲಿಲ್ಲ. ಅಡುಗೆಕೋಣೆಯ ಕಡೆ ತಿರುಗಿದ.

"ಇವಳೇ, ನಿನ್ನ ಮರ ಎಲ್ಲಿದೆ?"

ಒಳಗೆ ಸೌಟಿನ ಸದ್ದು ನಿಂತಿತು. ಮೂವತ್ತೊಂದು ವರ್ಷದಲ್ಲಿ ಅವನು ಯಾರನ್ನೂ ಹೀಗೆ ಕೇಳಿರಲಿಲ್ಲ. ದೋಣಿಯಲ್ಲಿದ್ದವರೆಲ್ಲ ಕಾದರು.

"ಹೋಯ್ತು ರೀ," ಎಂದಳು ಒಳಗಿನಿಂದ. ಸ್ವಲ್ಪ ಹೊತ್ತು ಬಿಟ್ಟು, "ಬಂತು."

"ಇನ್ನೊಂದು ಸಲ ನೋಡು."

"ಹೋಯ್ತು... ಹ್ಞಾ, ಬಂತು."

ಆಗ ಲಂಗರಯ್ಯ, "ಹಿಡಿದಿದೆ" ಎಂದ.

ಏಣಿಯ ಮೇಲಿನ ಮೆಟ್ಟಿಲಲ್ಲಿ ಕುಳಿತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ಚಿಕ್ಕಕ್ಕ ಎದ್ದಳು. ಹಗ್ಗವನ್ನು ಸುತ್ತಿ ಕೊಕ್ಕೆಗೆ ತಗುಲಿಸಿ, ಬರಿಗೈಯಲ್ಲಿ ನೀರಿಗಿಳಿದಳು.