ಕೋಣನ ಕೋನ

ಸೇಡಮ್ಮಿನ ವೃಂದಾ ತನ್ನ ಅಕ್ಕ ನರ್ಮದಾಳ ಗಂಡನನ್ನು ಎದುರಿಗೆ 'ಭಾವ' ಅನ್ನುತ್ತಿದ್ದಳು. ಹಿಂದೆ 'ಅಭಾವ' ಅನ್ನುತ್ತಿದ್ದಳು. ಮರ್ಯಾದೆಯ ಅಭಾವ.

ಭಾವ ನಂದಕಿಶೋರ್ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಇಂಜಿನಿಯರ್. ರವಿವಾರ ಬಂತೆಂದರೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಪೈಲಟ್. ಎರಡು ಸಾವಿರದ ನಾಲ್ಕರ ಆ ಫ್ಲೈಟ್ ಸಿಮ್ಯುಲೇಟರಿನಲ್ಲಿ ಲಂಡನ್ನಿನ ಸೇತುವೆಗಳಿದ್ದವು, ನಮ್ಮ ಸೀಮೆಗೆ ಮಾತ್ರ ಬರೀ ಕಂದು ಬಣ್ಣ ಬಳಿದು ಬಿಟ್ಟಿದ್ದರು. ಅವನು ಅದರ ಮೇಲೆ ಕಾಗಿಣಾ ನದಿ ಹರಿಸಿದ, ಶಹಾಬಾದಿನ ಕಲ್ಲುಗಣಿ ತೋಡಿದ, ಸೇಡಮ್ಮಿಗೆ ಇಲ್ಲದ ರನ್‌ವೇಯನ್ನೂ ಹಾಕಿ ಇಂಟರ್ನೆಟ್ಟಿನಲ್ಲಿ ಹಂಚಿದ. ನೋಡಿದವರು "ಚಂದ ಇದೆ, ಜೀವ ಇಲ್ಲ" ಅಂತ ಬರೆದರು. ಜೀವ ತುಂಬುವ ಕೆಲಸ ನಾದಿನಿಯ ಕೊರಳಿಗೆ ಬಿತ್ತು.

ವೃಂದಾ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವುದನ್ನು ಕಲಿಸುತ್ತಿದ್ದಳು. ಬಸ್ಸು ಹತ್ತಿ ಚಿಮ್ಮನಚೋಡಕ್ಕೆ ಹೋಗಿ ತೊಗರಿ ಹೊಲದಲ್ಲಿ ಚಿಗರಿ ನೆಗೆಯುವುದನ್ನು ನೋಡಿ ಬಂದಳು. ಯಾವ ಕಾಲು ಮೊದಲು ನೆಲ ಬಿಡುತ್ತದೆ, ಯಾವುದು ಆಮೇಲೆ? ಒಂದೊಂದು ಭಂಗಿಯನ್ನೂ ಕೂಡಿಸಿ ಪರದೆಯ ಮೇಲೆ ಚಿಗರಿ ಓಡಿಸಿದಳು, ಚಿಂಚೋಳಿ ಕಾಡಿನಲ್ಲಿ ತೋಳ ನಡೆಸಿದಳು. ಮೊದಲು ತೋಳ ಮೊಣಕಾಲುದ್ದ ನೆಲದೊಳಗೆ ಹೂತುಕೊಂಡು ನಡೆಯಿತು. ಅದನ್ನೂ ಮೇಲೆತ್ತಿದಳು. ದೃಶ್ಯ ತೆರೆದರೆ ಮೊದಲ ಪರದೆಯಲ್ಲಿ ಒಂದೇ ಹೆಸರು: ನಂದಕಿಶೋರ್.

"ಭಾವ, ನನ್ನ ಹೆಸರೆಲ್ಲಿ?"

"ಪ್ರಾನಿಗೋಳಿಗಿ ಹೆಸರು ಯಾರ್ ಕೇಳ್ತಾರ?"

ಹೈದರಾಬಾದಿನಲ್ಲಿ ಓದಿ ಬಂದ ನಂದಕಿಶೋರ್ 'ಣ'ಕಾರವನ್ನು ಅಲ್ಲೇ ಬಿಟ್ಟು ಬಂದಿದ್ದ. ಅವನ ಬಾಯಲ್ಲಿ ಹಣ ಹನಿಯಷ್ಟೇ ತೆಳ್ಳಗಾಗಿ 'ಹನ' ಆಗುತ್ತಿತ್ತು.

ಶಹಾಬಾದಿನ ಒಂದು ಸಭಾಭವನದಲ್ಲಿ ಪ್ರದರ್ಶನ ನಿಗದಿಯಾಯಿತು. ವಿಮಾನ ಹಾರಿಸಲು ಕಲಿಸುವ ಮೇಷ್ಟ್ರೊಬ್ಬರು ಹೈದರಾಬಾದಿನಿಂದ ಬರುವವರಿದ್ದರು. ಕೊನೆಯ ಫೈಲು ವೃಂದಾಳ ಹತ್ತಿರ ಇದ್ದಾಗ ವಾಡಿಯಿಂದ ಫೋನು ಬಂತು.

"ರನ್‌ವೇದ್ದು ಕೋನ ಹಾಕಿಲ್ಲ ನೋಡು. ಲಗೂನ ಹಾಕು."

"ರನ್‌ವೇ ಮ್ಯಾಲ ಕೋಣ ಏನ್ರಿ, ಭಾವ?"

"ಹಾಂ, ಕೋನ! ಎಷ್ಟ್ ಸಲ ಹೇಳ್ಲಿ? ತಿಳೀದಿದ್ರ ಬಾಯಿ ಮುಚ್ಕೊಂಡು ಹೇಳಿದ್ದು ಮಾಡು."

ಅಳೆಯುವ ಕೋನವೋ ಕೊಂಬಿನ ಕೋಣವೋ, ವೃಂದಾಳಿಗೆ ಅನುಮಾನ ಬರಲಿಲ್ಲವೇ? ಬಂತು. ಆದರೆ ಬಾಯಿ ಮುಚ್ಚು ಅಂದ ಮೇಲೆ ಅನುಮಾನಕ್ಕೆ ಹೊರಬರುವ ದಾರಿ ಎಲ್ಲಿ? ಹೇಳಿದ್ದು ಮಾಡಿದಳು, ಮನಸ್ಸಿಟ್ಟು ಮಾಡಿದಳು.

ಸಭಾಭವನ ತುಂಬಿತ್ತು. ಕೋಟು ಹಾಕಿದ ನಂದಕಿಶೋರ್ ಚಿಂಚೋಳಿ ಗುಡ್ಡ ದಾಟಿ, ಚಿತ್ತಾಪುರದ ಮೇಲೊಂದು ಸುತ್ತು ಹಾಕಿ ಸೇಡಮ್ಮಿಗೆ ಇಳಿಯತೊಡಗಿದ. ರನ್‌ವೇಯ ನಟ್ಟನಡುವೆ ಒಂದು ಕೋಣ ಮಲಗಿ ಮೆಲುಕು ಹಾಕುತ್ತಿತ್ತು. ಬಾಲ ಆ ಕಡೆ, ಈ ಕಡೆ.

"ಹಾರ್ನ್ ಹೊಡೀರಿ ಸಾಬ್!" ಎಂದ ಸಭಾಭವನದ ಮಾಲೀಕ ಬಾಬುಮಿಯಾ.

ವಿಮಾನ ಕೋಣಕ್ಕೆ ಗುದ್ದಿತು. ಪರದೆ ಕಪ್ಪಾಯಿತು. ಕೋಣಕ್ಕೇನಾಯಿತೋ ನೋಡಲು ಜನ ಎದ್ದು ನಿಂತರು.

ನಂದಕಿಶೋರ್ ವೃಂದಾಳ ಕಡೆ ಬೆರಳು ಚಾಚಿದ. "ಇದು ನಂದಲ್ಲ! ತ್ವಾಳ, ಚಿಗರಿ, ಈ ದರಿದ್ರ ಕೋನ, ಎಲ್ಲಾ ಪ್ರಾನಿ ಈಕಿ ಮಾಡ್ಯಾಳ! ವೃಂದಾ! ಒಬ್ಬಾಕಿನೇ!"

ಎರಡು ವರ್ಷ ಕೇಳಿದರೂ ಸಿಗದ ಹೆಸರು ತುಂಬಿದ ಸಭೆಯಲ್ಲಿ ಸಿಕ್ಕಿತ್ತು, ಬೈಗುಳದ ಜೊತೆ.

"ಇನ್ನೊಮ್ಮಿ ಹೇಳ್ರಿ, ಭಾವ," ಎಂದಳು ವೃಂದಾ. "ಹಿಂದ ಕುಂತವ್ರಿಗಿ ಕೇಳ್ಸಿಲ್ಲ."

ಮೇಷ್ಟ್ರು ಕುರ್ಚಿ ತಿರುಗಿಸಿ, ತೋಳ ಹೇಗೆ ಮಾಡಿದಿರಿ ಅಂತ ಅವಳನ್ನೇ ಕೇಳತೊಡಗಿದರು.

ಮರುದಿನ ನಂದಕಿಶೋರ್ ತನ್ನ ದೃಶ್ಯದಿಂದ ಪ್ರಾಣಿಗಳನ್ನೆಲ್ಲ ಕಿತ್ತು ಹಾಕಿದ. ವೃಂದಾ ಅವುಗಳನ್ನು ಬೇರೆಯಾಗಿ ಇಂಟರ್ನೆಟ್ಟಿಗೆ ಹಾಕಿ, ಪುಟದ ಹಣೆಯ ಮೇಲೆ 'ವೃಂದಾವನ' ಎಂದು ಬರೆದಳು. ಕಾಡು ಅವಳದ್ದು, ಹೆಸರೂ ಅವಳದ್ದು. ಒಂದು ವಾರಕ್ಕೆ ಫೋನು ಬಂತು. ಗುರುಗಳ ವೃಂದಾವನಕ್ಕೆಂದು ಮಳಖೇಡಕ್ಕೆ ತಪ್ಪದೆ ಹೋಗಿಬರುವ ಮನೆತನದ ಅಳಿಯ, ಚುಚ್ಚಲು ಸರಿಯಾದ ಜಾಗವನ್ನೇ ಹುಡುಕಿದ್ದ.

"ವೃಂದಾವನ ಅಂದ್ರೇನು ಗೊತ್ತದನೂ? ದೇಹ ಬಿಟ್ಟವರಿಗಿ ಕಟ್ಟೂದು ಅದು."

"ಗೊತ್ತದ್ರಿ, ಭಾವ. ಅಲ್ಲಿಗಿ ಬರೋರು ಕೈ ಮುಗದೇ ಬರ್ತಾರ. ನೀವೂ ಹಂಗೇ ಬರ್ರಿ."