ನಮ್ಮಣ್ಣನಿಗೆ ಯಾವ ಚಟವೂ ಇಲ್ಲ

ನಮ್ಮಣ್ಣ ಖಂಡೆಪ್ಪ ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಗಣಿಯಲ್ಲಿ ಹದಿನಾಲ್ಕು ವರ್ಷ ಬೆನ್ನು ಮುರಿದುಕೊಂಡವನು. ಅಲ್ಲಿ ಬೆಳಗಿನ ಚಹಾದ ಜೊತೆ ಮೇಸ್ತ್ರಿ ಎಲ್ಲರ ಅಂಗೈಗೂ ಎರಡೆರಡು ನೋವಿನ ಗೋಳಿ ಹಾಕುತ್ತಿದ್ದ. ನುಂಗಿದರೆ ಬೆನ್ನು ಸುಮ್ಮನಿರುತ್ತಿತ್ತು, ಕಲ್ಲು ಏಳುತ್ತಿತ್ತು. ಎರಡು ಹೋಗಿ ನಾಲ್ಕಾಯಿತು, ಕೊನೆಗೆ ದಿನಕ್ಕೆ ಹತ್ತಾಯಿತು. ರಜೆಯ ದಿನವೂ ಬೇಕು, ಇಲ್ಲದಿದ್ದರೆ ಮೈ ನಡುಕ. ಆ ಮೇಸ್ತ್ರಿಯ ಹೊಟ್ಟೆ ತಣ್ಣಗಿರಲಿ.

ಹೋದ ವರ್ಷ ಕಲ್ಲು ಜಾರಿ ಅವನ ತೊಡೆಯ ಎಲುಬು ಮುರಿಯಿತು. ಆಪರೇಷನ್‌ಗೆ ಮುಂಚೆ ಅರಿವಳಿಕೆ ಡಾಕ್ಟರು ಶಿಲ್ಪಾರಾಣಿ ಕೇಳಿದರು, “ದಿನಾ ಏನರೆ ಗೋಳಿ ತೊಗೋತಾರೇನ್ರಿ? ಚಟ ಗಿಟ?”

ಪಕ್ಕದಲ್ಲೇ ಝರಾಸಂಗಂನ ಮನ್ಮಥಪ್ಪ ನಿಂತಿದ್ದರು. ಅಣ್ಣನ ಮಗಳು ಮೀನಾಳನ್ನು ಅವರ ಮಗನಿಗೆ ಕೊಡುವುದೆಂದು ಮಾತಾಗಿ ತಿಂಗಳೂ ಆಗಿರಲಿಲ್ಲ. ಹಣೆ ತುಂಬ ವಿಭೂತಿಯ ಮನೆತನ. ಅಣ್ಣ ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ, “ನಮ್ಮಣ್ಣ ಬೀಡಿ ಸುದ್ದಾ ಮುಟ್ಟಂಗಿಲ್ರಿ.”

ಆಪರೇಷನ್ ಆಯಿತು. ನೋವಿಗೆಂದು ಎಲ್ಲರಿಗೂ ಕೊಡುವ ಸೂಜಿ ಕೊಟ್ಟರು. ಅವನಿಗೆ ಅದು ನೀರು ಚುಚ್ಚಿದ ಹಾಗೆ. ಬೆವರು, ಆಕಳಿಕೆ, ಮೈಯೆಲ್ಲ ಮುಳ್ಳು, ಕಾಲು ಕಡಿದು ಹಾಕಿ ಎಂಬ ಕೂಗು. “ನಾಟಕ ಭಾಳ ಆತು” ಎಂದಳು ನರ್ಸು. ಕಾರಣ ನನಗೆ ಗೊತ್ತಿತ್ತು. ಗೊತ್ತಿದ್ದೂ “ಮೀನಾನ ಮದವಿ ಅದ, ತಡ್ಕೋ ಅಣ್ಣಾ” ಎನ್ನುತ್ತ ಎರಡು ದಿನ ಅವನ ಬಾಯಿಗೆ ಟವೆಲ್ ಒತ್ತಿದೆ. ನನ್ನಂಥ ತಮ್ಮ ವೈರಿಗೂ ಬೇಡ.

ಮೂರನೆಯ ದಿನ ಶಿಲ್ಪಾರಾಣಿಯವರು ಬಂದಾಗ ಅಣ್ಣ ಬೀಗರ ಎದುರಿಗೇ ಹೇಳಿದ, “ದಿನಾ ಹತ್ತು ಗೋಳಿ ನುಂಗ್ತೀನ್ರಿ. ಇವ ಸುಳ್ಳು ಹೇಳ್ಯಾನ.”

ಅವರು ಅವನಿಗೆ ಬೈಯಲಿಲ್ಲ. ನನ್ನ ಕಡೆ ತಿರುಗಿದರು. “ಹತ್ತು ನುಂಗೋ ಮೈಗೆ ನಮ್ಮ ಸೂಜಿ ಎಲ್ಲಿ ಹತ್ತತದ? ಒಮ್ಮಿಗೇ ಬಿಡಿಸಿದ್ದು ಬ್ಯಾರೆ. ಮೊದಲ ಹೇಳಿದ್ರ ಈ ಎರಡು ದಿನದ ತ್ರಾಸ ಇರ್ತಿದ್ದಿಲ್ಲ.” ಮೈಗೆ ರೂಢಿಯಾದಷ್ಟು ಔಷಧ ಕೊಟ್ಟು, ಆಪರೇಷನ್ ನೋವಿಗೆಂದು ಅದರ ಮೇಲೆ ಬೇರೆ ಕೊಟ್ಟು, ಕಾಲಿನ ನರ ಮರಗಟ್ಟಿಸುವ ಸೂಜಿಯನ್ನೂ ಹಾಕಿದರು. ಸಂಜೆಗೆ ಅಣ್ಣ ನಿದ್ದೆ ಹೋದ.

ಮನ್ಮಥಪ್ಪ ನನ್ನನ್ನು ವರಾಂಡಕ್ಕೆ ಕರೆದು ಜೇಬಿನಿಂದ ಅದೇ ಗೋಳಿಯ ಸ್ಟ್ರಿಪ್ ತೆಗೆದು ತೋರಿಸಿದರು. “ಮೊಣಕಾಲಿಗಂತ ನಾನೂ ದಿನಾ ಆರು ನುಂಗ್ತೀನ್ರಿ. ಮನ್ಯಾಗ ಎಲ್ಲಾರ್ಗೂ ಗೊತ್ತದ. ಇಷ್ಟಕ್ಕ ಒಡಹುಟ್ಟಿದವನ ಬಾಯಿ ಮುಚ್ಚಿದ್ರೇನ್ರಿ? ಗೋಳಿಗಿ ನಾ ಅಂಜಂಗಿಲ್ಲ. ನಿಮ್ಮಂಥವರ ಮನಿ ಸಂಬಂಧಕ್ಕ ಅಂಜ್ತೀನಿ.”

ಝರಾಸಂಗಂನಿಂದ ಮತ್ತೆ ಫೋನ್ ಬರಲಿಲ್ಲ. ತನ್ನ ಗೋಳಿಯೇ ಮಗಳ ಮದುವೆ ಮುರಿಯಿತೆಂದು ಅಣ್ಣ ಇವತ್ತಿಗೂ ಕಣ್ಣೀರು ಹಾಕುತ್ತಾನೆ. ಅಲ್ಲವೆಂದು ನಾನು ಇನ್ನೂ ಹೇಳಿಲ್ಲ.