ಬಲಗಡೆಯ ಸೀಟು

ನನ್ನ ತಮ್ಮನಿಗೆ ನನ್ನ ನೆನಪಾಗುವುದು ಸಹಿ ಬೇಕಾದಾಗ ಮಾತ್ರ. ಅಪ್ಪ ಸತ್ತ ಮೇಲೆ ಹೊಲ, ಗೋದಾಮು ಎಲ್ಲ ಅವನ ಹೆಸರಿಗೆ ಆಗಬೇಕಿತ್ತು. ನನ್ನನ್ನು ಹಾವೇರಿಯಿಂದ ಬ್ಯಾಡಗಿಗೆ ಕರೆಸಿ, ಹೋಳಿಗೆ ಊಟ ಹಾಕಿ, ಉಡಿ ತುಂಬಿ, ಒಂದು ಇಳಕಲ್ ಸೀರೆ ಕೊಟ್ಟು ಸಹಿ ಹಾಕಿಸಿಕೊಂಡ. ನಾನೂ ಪೆದ್ದಿ, ತವರಿನ ಬಾಗಿಲು ಮುಚ್ಚದಿರಲಿ ಎಂದು ಓದದೇ ಹಾಕಿದೆ. ಆ ಸೀರೆಯನ್ನು ಇವತ್ತಿಗೂ ಉಟ್ಟಿಲ್ಲ, ಬೀರುವಿನ ತಳದಲ್ಲಿ ಬಿದ್ದಿದೆ.

ಹೋದ ವರ್ಷ ಮತ್ತೆ ಫೋನು ಬಂತು.

“ಅಕ್ಕಾ, ಅಪ್ಪನ ಕಾರು ರಿಪೇರಿ ಮಾಡಿಸಿ ಮಾರಾಕತ್ತೇನಿ. ಕಾಗದ ಇನ್ನೂ ಅಪ್ಪನ ಹೆಸರಿಗೇ ಐತಿ. ನಿಂದೊಂದು ಸಹಿ ಬೇಕು.”

“ಈ ಸಲ ಯಾವ ಸೀರಿ ತಂದೀದಿ?” ಎಂದೆ.

“ಸಹಿ ಹಾಕ್ತೀಯೋ ಇಲ್ಲೋ ಹೇಳು,” ಎಂದ. ನಾನು ಬಿಡಲಿಲ್ಲ. “ರಿಪೇರಿ ಮುಗೀಲಿ. ನನ್ನ ಸೀಟಿನ್ಯಾಗ ನನ್ನ ಕುಂದ್ರಿಸ್ಕೊಂಡು ಮೋಟೆಬೆನ್ನೂರ ತನಕಾ ಒಂದ ಸಲ ಹೋಗಿ ಬಾ. ಆಮ್ಯಾಲ ಸಹಿ. ಇಲ್ಲಂದ್ರ ಇಲ್ಲ.”

ಅವನು ಫೋನಿಟ್ಟ.

ಆ ಸೀಟಿನ ವಿಷಯ ಹೇಳಬೇಕು. ಅಪ್ಪ ಮೆಣಸಿನಕಾಯಿ ವ್ಯಾಪಾರಿ. ಹುಬ್ಬಳ್ಳಿಯ ಗಿರಣಿ ಮಾಲಕರೊಬ್ಬರು ಕೈಬಿಟ್ಟ ಅಮೆರಿಕದ ಕಾರೊಂದನ್ನು ಯಾವುದೋ ಹುರುಪಿನಲ್ಲಿ ಕೊಂಡು ತಂದಿದ್ದ. ಎರಡೇ ಬಾಗಿಲು, ಮಂಚದಷ್ಟುದ್ದದ ಮೂತಿ, ಎಂಟು ಸಿಲಿಂಡರಿನ ಇಂಜಿನ್ನು. ಚಾಲೂ ಮಾಡಿದರೆ ಓಣಿಯ ನಾಯಿಗಳೆಲ್ಲ ಎದ್ದು ನಿಲ್ಲುತ್ತಿದ್ದವು. ಅದು ಪೆಟ್ರೋಲು ಕುಡಿಯುವುದನ್ನು ನೋಡಿ ಅವ್ವ “ಇದಕ್ಕಿಂತ ಒಂದು ಆನಿ ಸಾಕಬಹುದಿತ್ತು” ಎನ್ನುತ್ತಿದ್ದಳು.

ಅದರ ಸ್ಟೇರಿಂಗು ಎಡಕ್ಕೆ. ನಮ್ಮ ರಸ್ತೆಯಲ್ಲಿ ಎಡಕ್ಕೆ ಕೂತು ಹೊಡೆಯುವವನಿಗೆ ಮುಂದಿನ ಲಾರಿಯ ಆಚೆ ಏನು ಬರುತ್ತಿದೆಯೆಂದು ಕಾಣುವುದಿಲ್ಲ. ಬಲಗಡೆ ಕೂತವರು ಕತ್ತು ಹೊರಹಾಕಿ ನೋಡಿ ಹೇಳಬೇಕು. ಆ ಕೆಲಸ ನನ್ನದು. “ತಡಿಯಪಾ” ಎಂದರೆ ಅಪ್ಪ ಲಾರಿಯ ಹಿಂದೆಯೇ ಉಳಿಯುತ್ತಿದ್ದ, “ಹೋಗಪಾ” ಎಂದರೆ ದಾಟಿಸುತ್ತಿದ್ದ. ಹನ್ನೊಂದು ವರ್ಷದ ಹುಡುಗಿಯ ಮಾತಿನ ಮೇಲೆ ಅಷ್ಟು ದೊಡ್ಡ ಗಾಡಿ ನಡೆಯುತ್ತಿತ್ತು. ಆಮೇಲೆ ಯಾರೂ ನನ್ನ ಮಾತನ್ನು ಅಷ್ಟು ನಂಬಿಲ್ಲ, ಗಂಡನೂ ಸೇರಿ.

ನನಗಿಂತ ಎರಡು ವರ್ಷ ಚಿಕ್ಕವನಾದ ತಮ್ಮ ಹಿಂದೆ ಕೂರುತ್ತಿದ್ದ. ಒಮ್ಮೆ ರಾಣೆಬೆನ್ನೂರಿನಿಂದ ಹೊರಡುವಾಗ ಅತ್ತು ರಂಪ ಮಾಡಿ ನನ್ನ ಸೀಟಿಗೆ ಏರಿದ. ನನ್ನನ್ನು ಹಿಂದೆ ತಳ್ಳಿದರು. ಮೋಟೆಬೆನ್ನೂರಿನ ಹತ್ತಿರ ಹತ್ತಿ ತುಂಬಿದ ಲಾರಿಯ ಬೆನ್ನಿಗಿದ್ದಾಗ ತಮ್ಮ “ಹೋಗಪಾ” ಎಂದ. ಅಪ್ಪ ಹೋದ. ಎದುರಿಗೆ ಬಸ್ಸು! ಅಪ್ಪ ಗಾಡಿಯನ್ನು ಬಲಕ್ಕೆ ಹೊಲಕ್ಕಿಳಿಸಿದ್ದಕ್ಕೆ ಉಳಿದೆವು. ನಿಂತ ಮೇಲೆ ತಮ್ಮನ ಕಪಾಳಕ್ಕೆ ಬಾರಿಸಿದ. ಅವತ್ತಿನಿಂದ ಅವನು ಹಿಂದಿನ ಸೀಟಿನ ಗಿರಾಕಿ. ಈ ಕತೆ ಹೇಳಿ ನಗದೆ ನಮ್ಮ ಮನೆಯಲ್ಲಿ ಒಂದು ಹಬ್ಬವೂ ಕಳೆದಿಲ್ಲ. ಹೆಚ್ಚಾಗಿ ಹೇಳುತ್ತಿದ್ದವಳು ನಾನೇ.

ಎರಡು ತಿಂಗಳು ಬಿಟ್ಟು ತಮ್ಮ ಮತ್ತೆ ಕರೆದ. ಬೆಳಗಾವಿಯಿಂದ ಗಿರಾಕಿ ಬರುತ್ತಿದ್ದಾರೆ, ಲಗೂ ಬಾ ಎಂದ. ನನ್ನ ಕರಾರಿಗೆ ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ.

ಗೋದಾಮಿನ ಮುಂದೆ, ಮೆಣಸಿನಕಾಯಿಯ ಘಾಟಿನಲ್ಲಿ, ಕಾರು ನಿಂತಿತ್ತು. ಸುಳ್ಳೇಕೆ ಹೇಳಲಿ, ಸಹಿಯ ಮಾತೇ ಮರೆತುಹೋಯಿತು. ಇಪ್ಪತ್ತು ವರ್ಷ ಖಾಲಿ ಚೀಲಗಳ ಕೆಳಗೆ ತುಕ್ಕು ಹಿಡಿದು ಬಿದ್ದಿದ್ದದ್ದು ಈಗ ಕೆಂಪಗೆ ಹೊಳೆಯುತ್ತಿತ್ತು. ಬಂಪರಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಸೀದಾ ಬಲಗಡೆಗೆ ಹೋಗಿ ಬಾಗಿಲು ತೆಗೆದೆ.

ನನ್ನ ಸೀಟಿನ ಮುಂದೆ ಸ್ಟೇರಿಂಗು ಇತ್ತು.

“ಇದೇನೋ?”

“ಬಲಕ್ಕ ಹಾಕಿಸೇನಿ,” ಎಂದ ತಮ್ಮ. “ಇನ್ನ ಬಾಜೂಕ ಕುಂತು ಯಾರೂ ಹೇಳೂದು ಬ್ಯಾಡ.”

ನಾನು ಬಾಯಿ ತೆಗೆಯುವಷ್ಟರಲ್ಲಿ, ಹಿಂದಿನಿಂದ ಕಾರಿಗೆ ಸುತ್ತು ಹಾಕುತ್ತ ಬಂದ ಬೆಳಗಾವಿಯ ಗಿರಾಕಿ ಒಳಗೆ ಬಗ್ಗಿ ನೋಡಿದರು. ಅವರ ಮುಖ ಇಳಿದುಹೋಯಿತು.

“ಏನ್ರಿ ಇದು? ಫೋಟೋದಾಗ ಹೊರಗಿಂದಷ್ಟ ತೋರಿಸಿದ್ರಿ. ಹೆಂಗ ಬಂದಿತ್ತೋ ಹಂಗ ಇದ್ರನ ಇದಕ್ಕ ಕಿಮ್ಮತ್ತು. ಕೈಯಾರ ಕೆಡಿಸಿಬಿಟ್ರಲ್ಲರಿ.”

ತಂದಿಟ್ಟ ಚಹಾ ಕುಡಿಯದೆ ಹೋದರು. ಅವರ ಗಾಡಿ ಗೇಟು ದಾಟುವುದನ್ನೇ ಕಾದಿದ್ದೆ.

“ಮಾಡಿದ್ದುಣ್ಣೋ ಮಾರಾಯ!” ಎಂದೆ. “ನಾ ಕುಂದರಬಾರದಂತ ಮಾಡೀದಿ, ಹೌದಲ್ಲೋ? ಹೊಲ ತಗೊಂಡಿ, ಗೋದಾಮು ತಗೊಂಡಿ. ಒಂದು ಸೀಟು ನೋಡಿ ಹೊಟ್ಟಿ ಉರೀತೇನು ನಿನಗ?”

“ಹೌದು,” ಎಂದ. “ನೀ ಕುಂದರಬಾರದಂತನ ಮಾಡೇನಿ. ಅವತ್ತ ‘ಹೋಗಪಾ’ ಅಂದಾಕಿ ಯಾರು? ಹೇಳು.”

ನಾನು ತೆರೆದಿದ್ದ ಬಾಗಿಲು ಮುಚ್ಚಿದೆ.

“ನಾ ಬಾಯಿನ ತಗದಿದ್ದಿಲ್ಲ. ಹಿಂದ ಕುಂತು ಒದರಿದಾಕಿ ನೀನು. ಹೊಡತ ತಿಂದಾಂವ ನಾನು. ಅದನ್ನ ಮಂದಿ ಮುಂದ ಹೇಳಿಕೋಂತ ಇಷ್ಟ ವರ್ಷ ನಕ್ಕೀದಿ.”

“ಹೋಗಪಾ” ಎಂದದ್ದು ತಮ್ಮನೆಂದು ಮೇಲೆ ನಾನೇ ಬರೆದಿದ್ದೇನೆ. ಹಾಗೆ ಹೇಳಿ ಹೇಳಿ ಕೈಗೂ ರೂಢಿಯಾಗಿಬಿಟ್ಟಿದೆ. ಅಳಿಸದೆ ಬಿಟ್ಟಿದ್ದೇನೆ, ನೀವೂ ನಂಬಿದಿರಿ ನೋಡಿ. ಅಂದವಳು ನಾನು. ಹಿಂದಿನಿಂದ ರಸ್ತೆ ನನಗೆ ಕಾಣುತ್ತಿರಲಿಲ್ಲ. ನನ್ನ ಜಾಗದಲ್ಲಿ ಅವನು ಕೂತದ್ದನ್ನು ಸಹಿಸಲಾರದೆ ಒದರಿದೆ. ಇಂಜಿನ್ನಿನ ಗದ್ದಲದಲ್ಲಿ ಅಪ್ಪನಿಗೆ ದನಿ ಯಾರದೆಂದು ತಿಳಿಯಲಿಲ್ಲ. ಏಟು ಬಿದ್ದಾಗ ತಮ್ಮ ತಿರುಗಿ ನನ್ನನ್ನು ನೋಡಿದ. ನಾನು ಹೊಲ ನೋಡುತ್ತ ಕೂತೆ. ಅವನು ಹೇಳಿದ್ದರೂ ನಡೆಯುತ್ತಿರಲಿಲ್ಲ. ಅಪ್ಪ ನಂಬುತ್ತಿದ್ದದ್ದು ನನ್ನ ಮಾತನ್ನು.

ಅವನ ಕೈಯಲ್ಲಿದ್ದ ಕಾರಿನ ಕಾಗದ ಕಿತ್ತುಕೊಂಡು ಬಾನೆಟ್ಟಿನ ಮೇಲಿಟ್ಟು ಸಹಿ ಹಾಕಿದೆ.

“ಈಗ್ಯಾಕ?” ಎಂದ. “ಗಿರಾಕಿ ಹೋದ್ರು.”

“ನಾನ ಅಂದಿದ್ದು,” ಎಂದೆ.

“ಗೊತ್ತೈತಿ.”

ಊಟಕ್ಕೆ ಕರೆಯಲಿಲ್ಲ. ಉಡಿ ತುಂಬಲಿಲ್ಲ. ನಾನು ಬಸ್ ಸ್ಟ್ಯಾಂಡಿನವರೆಗೆ ನಡೆದು ಹೋಗಿ ಹಾವೇರಿ ಬಸ್ಸು ಹತ್ತಿದೆ, ಸಿಕ್ಕದ್ದು ಹಿಂದಿನ ಸೀಟು.